ಕಲ್ಲುಗಣಿ ಓಣಿ ಸಕ್ರಮವಾದ ವರ್ಷ

ಎಳ್ಳ ಅಮಾವಾಸ್ಯೆ ಮುಗಿದ ವಾರ ಅದು. ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಹೊಡೆದು ಬಂದವರ ಹೊಟ್ಟೆ ಇನ್ನೂ ಹಗುರಾಗಿರಲಿಲ್ಲ. ಚಳಿಯೂ ಬಿಟ್ಟಿರಲಿಲ್ಲ. ಬೆಳಗಿನ ಬಿಸಿಲು ಓಣಿಯ ಬಾಯಿಗೆ ಬಂದು ಮಾಯಾಳ ಒಲೆಯ ಹೊಗೆಯಲ್ಲಿ ಸಿಕ್ಕಿಕೊಂಡು ನಿಂತ ಹೊತ್ತಿಗೆ ನನ್ನ ಅಳಿಯ ಪ್ರವೀಣಕುಮಾರ ಗಾಡಿಯ ಮೇಲೆ ಬಂದ. ಗಾಡಿ ನಿಲ್ಲಿಸುವ ಮೊದಲೇ ಕೂಗು ಹಾಕಿದ.

“ಏಳ್ರಿ, ಎಲ್ಲಾರೂ ಏಳ್ರಿ! ನಮ್ಮ ಓಣಿ ಸಕ್ರಮ ಆಗ್ಲತ್ತದ!”

ಓಣಿಯವರು ಎದ್ದೇ ಇದ್ದರು. ಎಲ್ಲರೂ ದುಡಿಯುವ ಜನ. ಆ ಹೊತ್ತಿಗೆ ಮಲಗಿರುವವನು ಓಣಿಯಲ್ಲಿ ಅವನೊಬ್ಬನೇ. ಆ ದಿನ ಅವನೂ ಎದ್ದಿದ್ದ, ವಿಶೇಷ ಅಂದರೆ ಅದೇ.

ಬೀದರದ ಮೈಲೂರು ದಾಟಿದ ಮೇಲೆ ಕೆಂಪುಕಲ್ಲಿನ ಒಂದು ಹಳೆಯ ಗಣಿ ಸಿಗುತ್ತದೆ. ಅದರ ದಂಡೆಗೆ ನಮ್ಮ ಓಣಿ. ನಾನು ಹಾವಗೆಪ್ಪ, ಭಾಲ್ಕಿ ಕಡೆಯವನು. ಹರೆಯದಲ್ಲಿ ಕಲ್ಲು ಕಡಿಯಲು ಬಂದೆ. ಔರಾದ ಕಡೆಯಿಂದ ಮಚ್ಛೇಂದ್ರ ಬಂದ. ಇಬ್ಬರೂ ಒಂದೇ ಗುಂಡಿಗೆ ಇಳಿದು ಕಲ್ಲು ಕಡಿದೆವು. ಸರಿಯಾದ ಕಲ್ಲು ಊರೊಳಗಿನ ದೊಡ್ಡವರ ಮನೆಗಳಿಗೆ ಹೋಯಿತು. ಮೂಲೆ ಒಡೆದದ್ದು, ಗುತ್ತಿಗೆದಾರ ಬೇಡವೆಂದು ಎಸೆದದ್ದು ನಮ್ಮ ಗೋಡೆಗಳಿಗೆ ಬಂತು. ಜಾಗ ಸರ್ಕಾರದ ಗಾಯರಾಣ, ದನ ಮೇಯಲು ಬಿಟ್ಟ ಬಯಲು. ಯಾರೂ ಕೇಳಲಿಲ್ಲ. ನಾವು ಕಡಿದ ಕಲ್ಲಿನಿಂದ ಸಾಹೇಬರ ಕ್ವಾರ್ಟರ್ಸು ಏಳುವವರೆಗೆ ನಮ್ಮನ್ನು ಯಾರೂ ಅಕ್ರಮ ಅನ್ನಲಿಲ್ಲ. ಮೊದಲು ವೋಟಿನ ಚೀಟಿ ಬಂತು, ಆಮೇಲೆ ಕರೆಂಟು ಬಂತು, ಎಲ್ಲಕ್ಕಿಂತ ಕಡೆಗೆ ಅಕ್ರಮ ಎಂಬ ಮಾತು ಬಂತು.

ನನ್ನ ಮನೆಯನ್ನು ಮಗಳು ಶಿವಕಾಂತಾಗೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ನಾನೇ ಕಟ್ಟಿದ ಮನೆಯಲ್ಲಿ ನಾನೀಗ ಅಳಿಯನ ಅತಿಥಿ. ಅಳಿಯ ಓಣಿಯ ಮುಖಂಡ. ಅವನನ್ನು ಮುಖಂಡ ಮಾಡಿದವರು ಯಾರು ಎಂದು ಕೇಳಿದರೆ ಅವನ ಗಾಡಿಯ ಮುಂದಿನ ಫಲಕವನ್ನು ತೋರಿಸಬೇಕು. ಅದರ ಮೇಲೆ ಹಾಗೆಂದು ಬರೆಸಿದ್ದಾನೆ.

ಓಣಿಯ ಬಾಯಲ್ಲೇ ಇರುವುದು ಮಚ್ಛೇಂದ್ರನ ಮನೆ. ಅವನು ಹೋದ, ಅವನ ಮಗ ನಾಗಸೇನನೂ ಜ್ವರ ಬಂದು ಹೋದ. ಉಳಿದವರು ಮಚ್ಛೇಂದ್ರನ ಹೆಂಡತಿ ಜಿಜಾಬಾಯಿ, ಸೊಸೆ ಮಾಯಾ. ಮಾಯಾ ಪಡಸಾಲೆಯಲ್ಲಿ ಎರಡು ಒಲೆ ಹೂಡಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಜಿಜಾಬಾಯಿ ಹಿಟ್ಟು ನಾದುತ್ತಾಳೆ. ಇಬ್ಬರ ಊಟ, ಬಟ್ಟೆ, ಮಾನ ಎಲ್ಲವೂ ಆ ಪಡಸಾಲೆಯಿಂದ. ಔರಾದ ಕಡೆಯ ಊರಲ್ಲಿ ಅವರಿಗೆ ಹೊಲವಿಲ್ಲ, ಮನೆಯಿಲ್ಲ; ಮೈದುನನ ಮಗನೊಬ್ಬ ಇದ್ದಾನೆ, ಇದ್ದಾನೆ ಅಷ್ಟೇ. ಈ ಮನೆ ಹೋದರೆ ಆ ಇಬ್ಬರು ಹೆಂಗಸರು ಒಂದೇ ಸೂರಿನ ಕೆಳಗೆ ಇರಲು ಇನ್ನೊಂದು ಜಾಗ ಈ ಭೂಮಿಯ ಮೇಲೆ ಇರಲಿಲ್ಲ. ಅದಕ್ಕೇ ಸಕ್ರಮ ಎಂಬ ಮಾತು ಕಿವಿಗೆ ಬಿದ್ದಾಗ ಮಾಯಾ ಒಲೆಯ ಮೇಲಿನ ರೊಟ್ಟಿ ಸೀಯುವುದನ್ನೂ ಮರೆತು ಎದ್ದು ನಿಂತಳು.

“ಖರೇ ಕೊಡ್ತಾರೇನ್ರಿ ಅಣ್ಣಾ, ಹಕ್ಕುಪತ್ರ?”

“ಕೊಡದೆ ಏನು? ನಾ ಇದ್ದೀನಲ್ಲ. ಹಳೀ ಮನಿ ಇದ್ದವರಿಗಿ ಎಲ್ಲಾರಿಗೂ ಕೊಡ್ತಾರ. ಸಾಹೇಬ್ರು ಬಂದು ಮನಿ ನೋಡ್ಕೊಂಡು, ಫೋಟೊ ಹೊಡ್ಕೊಂಡು ಹೋಗ್ತಾರ. ಅವರು ಬರೋದ್ರಾಗ ಓಣಿ ಫಳಫಳ ಅನ್ಬೇಕು. ಕೊಳಗೇರಿ ಅಂತ ಬರ್ಕೊಂಡು ಹೋದ್ರ ಮುಗೀತು ನಮ್ಮ ಕಥಿ.”

ಹೆಣ್ಣು ನೋಡಲು ಬರುವವರಿಗೆ ಮನೆ ಸಿಂಗರಿಸುವುದು ನಮ್ಮ ಜನಕ್ಕೆ ಗೊತ್ತು. ದೊಡ್ಡವರು ಬಾಗಿಲಿಗೆ ಬರುತ್ತಾರೆ ಎಂದರೆ ಗೋಡೆಗೆ ಸುಣ್ಣ, ಹೊಸ್ತಿಲಿಗೆ ಬಣ್ಣ. ಅದಕ್ಕಿಂತ ಬೇರೆ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಓಣಿಯ ಪೇಂಟರ್ ಅಬ್ದುಲ ಅಜೀಜನಿಗೆ ಮೂತ್ರಕ್ಕೆ ಹೋಗಲೂ ಪುರಸೊತ್ತು ಇಲ್ಲದಂತಾಯಿತು. ಒಬ್ಬರದು ಗಿಳಿಹಸಿರು, ಪಕ್ಕದವರದು ಗುಲಾಬಿ, ಅದರಾಚೆ ಲಿಂಬೆಹಳದಿ. ನನ್ನ ಅಳಿಯ ಕೆಂಪುಕಲ್ಲಿನ ಗೋಡೆಗೆ ನುಣ್ಣಗೆ ಸಿಮೆಂಟು ಬಳಿಸಿ, ಅದರ ಮೇಲೆ ನೀಲಿ ಹೊಡೆಸಿ, ನಡುವೆ ಬಿಳಿ ಗೆರೆ ಎಳೆಸಿ, ಮನೆಯನ್ನು ಮಿಠಾಯಿ ಡಬ್ಬಿ ಮಾಡಿದ. ನಾನು ಕೈಯಾರೆ ಕಡಿದ ಕಲ್ಲುಗಳು ಒಂದೂ ಕಾಣದಂತೆ ಮುಚ್ಚಿಹೋದವು.

ಮಾಯಾ ಮಾತ್ರ ಬಣ್ಣ ಹಚ್ಚಲಿಲ್ಲ.

“ಮಾಯಕ್ಕಾ, ನಿಮ್ಮ ಮನಿ ಓಣಿ ಬಾಯಾಗ ಅದ,” ಅಂದ ಪ್ರವೀಣಕುಮಾರ. “ಬಂದವರ ಕಣ್ಣಿಗಿ ಮೊದಲು ಬೀಳೋದೇ ನಿಮ್ಮ ಕರೀ ಗ್ವಾಡಿ.”

“ಇವತ್ತ ಹೊಡದ್ರ ನಾಳಿಗಿ ಮತ್ತ ಕರ್ರಗ ಆಗ್ತದ್ರಿ ಅಣ್ಣಾ. ಹೊಗಿಗಿ ಏನ್ ಹೇಳ್ಲಿ, ಸಾಹೇಬ್ರು ಬರೋತನಾ ತಡಿ ಅನ್ಲೇನು?”

“ಓಣಿ ಮಾನ ಹೋಗ್ತದ.”

“ಸಂಜೀಗಿ ತಿರುಗಿ ಬರ್ತದ ಬಿಡ್ರಿ, ಆಡಿನ ಹಂಗ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಅದೇ ಹೆಂಗಸರು ತಮ್ಮ ಬಣ್ಣದ ಬಾಗಿಲುಗಳಲ್ಲಿ ನಿಂತು, ಈಕೆಗೆ ಎಷ್ಟು ಸೊಕ್ಕು ನೋಡ್ರಿ ಅಂದರು.

ಸಾಹೇಬ ಬಂದದ್ದು ಶಿವರಾತ್ರಿಗೆ ಮುಂಚೆ, ಮಧ್ಯಾಹ್ನ. ಮೀಸೆ ಸರಿಯಾಗಿ ಬಲಿಯದ ಹುಡುಗ, ಕೈಯಲ್ಲಿ ಮೊಬೈಲು. ಓಣಿಯ ತುಂಬ ರಂಗೋಲಿ, ಮಾವಿನ ತೋರಣ. ಶಿವಕಾಂತಾ ಆರತಿ ತಂದಳು. ಅವನು ಆರತಿಗೆ ಹೆದರಿ ಹಿಂದೆ ಸರಿದ, ಸರಿದವನು ಹೋಗಿ ಗಿಳಿಹಸಿರು ಗೋಡೆಗೆ ಒರಗಿದ. ಅವನ ಬಿಳಿ ಅಂಗಿಯ ಬೆನ್ನು ಹಸಿರಾಯಿತು.

“ಈ ಮನಿ ಯಾವಾಗ ಕಟ್ಟಿದ್ದು?” ಎಂದು ಕೇಳಿದ, ಬೆನ್ನು ತಡವಿಕೊಳ್ಳುತ್ತ.

“ಭಾಳ ವರ್ಷ ಆತ್ರೀ ಸಾಹೇಬ್ರ,” ಅಂದರು ಆ ಮನೆಯವರು.

“ಬಣ್ಣ ಇನ್ನೂ ಒಣಗಿಲ್ಲಲ್ರಿ!”

“ಬಣ್ಣ ಹೊಸಾದ್ರಿ, ಮನಿ ಹಳೀದು.”

“ಫೋಟೊದಾಗ ಬಣ್ಣ ಬರ್ತದ. ವರ್ಷ ಬರಲ್ಲ.”

ಆಗ ನಿಯಮ ಗೊತ್ತಾಯಿತು. ಸರ್ಕಾರ ಹೇಳಿದ ವರ್ಷಕ್ಕಿಂತ ಮೊದಲು ಎದ್ದ ಮನೆಗೆ ಮಾತ್ರ ಹಕ್ಕುಪತ್ರ. ಕಾಗದ ಇದ್ದವರು ಕಾಗದ ತೋರಿಸಬೇಕು. ನಮ್ಮ ರೇಷನ್ ಕಾರ್ಡುಗಳೆಲ್ಲ ಭಾಲ್ಕಿ, ಔರಾದ ಕಡೆಯ ಊರುಗಳವು. ವೋಟಿನ ಚೀಟಿ, ಕರೆಂಟು ಎರಡೂ ಬಂದದ್ದು ಆ ವರ್ಷ ದಾಟಿದ ಮೇಲೆ. ಕಾಗದ ಇಲ್ಲದವರ ಮನೆಯ ಫೋಟೊ ಹೊಡೆದು ಮೇಲಿನವರಿಗೆ ಕಳಿಸುತ್ತಾರೆ, ಅವರು ಕುರ್ಚಿಯ ಮೇಲೆ ಕೂತು ಹಳೆಯದೋ ಹೊಸದೋ ನೋಡಿ ಹೇಳುತ್ತಾರೆ. ಮನೆಯ ವಯಸ್ಸನ್ನು ಮುಖ ನೋಡಿ ಹೇಳುವ ಜಾಣರು ಅವರು. ನೀಲಿ, ಗುಲಾಬಿ, ಲಿಂಬೆಹಳದಿ, ಎಲ್ಲದರ ಫೋಟೊ ಹೊಡೆದುಕೊಂಡು ಹುಡುಗ ಓಣಿಯ ಬಾಯಿಗೆ ಬಂದ.

ಮಾಯಾಳ ಮನೆಯ ಮುಂದೆ ನಿಂತ. ಹೊಗೆಗೆ ಅವನ ಕಣ್ಣಲ್ಲಿ ನೀರು. ಗೋಡೆಗೆ ಬೆರಳು ಒತ್ತಿದರೆ ಬೆರಳಿನ ಗುರುತು ಮೂಡುವಷ್ಟು ದಪ್ಪ ಮಸಿ. ಒಡೆದ ಮೂಲೆಯ ಕೆಂಪುಕಲ್ಲು ಸಾಲುಸಾಲಾಗಿ ಕಾಣುತ್ತಿತ್ತು. “ಹಾಂ, ಇದು ಮನಿ,” ಅಂದ. ಜಿಜಾಬಾಯಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಚಟ್ನಿ ಹಾಕಿ ಕೊಟ್ಟಳು. ಆರತಿಗೆ ಹೆದರಿದವನು ರೊಟ್ಟಿಗೆ ಹೆದರಲಿಲ್ಲ. ನಿಂತೇ ತಿಂದ, ಇನ್ನೊಂದು ಕಾಗದದಲ್ಲಿ ಸುತ್ತಿಕೊಂಡು ಹೋದ.

ಯುಗಾದಿ ಕಳೆದ ಮೇಲೆ ಸುದ್ದಿ ಬಂತು. ಕಲ್ಲುಗಣಿ ಓಣಿಯಲ್ಲಿ ಒಂದು ಮನೆ ಮಾತ್ರ ಹಳೆಯದು. ಉಳಿದವೆಲ್ಲ ಹೊಸದಾಗಿ ಸರ್ಕಾರಿ ಜಾಗ ಒತ್ತುವರಿ ಮಾಡಿ ಕಟ್ಟಿದವು. ಹಕ್ಕುಪತ್ರ ಮಾಯಾಳಿಗೆ ಒಬ್ಬಳಿಗೇ.

ಅದನ್ನು ಕೇಳಿ ಜಿಜಾಬಾಯಿ ನನ್ನ ಹತ್ತಿರ ಬಂದಳು. ಮಚ್ಛೇಂದ್ರನ ಹೆಂಡತಿ, ನಾನು ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು.

“ಅಣ್ಣಾ, ಅವರು ಇದ್ದಿದ್ರ ಇವತ್ತ ಕುಣೀತಿದ್ರು.”

“ಕುಣೀತಿರಲಿಲ್ಲ ವೈನಿ. ಚಾ ಮಾಡು ಅಂತಿದ್ದ. ಅಷ್ಟೇ ಅವನ ಸಂತೋಷ.”

ಅವಳು ಅಳುತ್ತ ನಕ್ಕಳು. ಆ ಸಂತೋಷಕ್ಕೆ ಆಯುಷ್ಯ ಸಂಜೆಯವರೆಗೆ ಇತ್ತು.

ಸಂಜೆ ಬೇವಿನ ಕಟ್ಟೆಯ ಮೇಲೆ ಓಣಿ ಸೇರಿತು. ಪ್ರವೀಣಕುಮಾರ ಕನ್ನಡಕ ಹಾಕಿಕೊಂಡು ಬಂದಿದ್ದ. ಕಣ್ಣಿಗೆ ಏನೂ ಆಗಿಲ್ಲ, ದೊಡ್ಡ ಮಾತು ಆಡುವಾಗ ಹಾಕಿಕೊಳ್ಳುತ್ತಾನೆ.

“ಮಾಯಕ್ಕಾ, ನಿಮಗ ಬಂದದ್ದು ನಮಗೂ ಖುಷಿ. ಆದ್ರ ವಿಚಾರ ಮಾಡ್ರಿ. ನೀವು ಒಬ್ಬರೇ ತಗೊಂಡ್ರ ಏನಾಗ್ತದ? ಒಂದು ಮನಿ ಹಳೀದು, ಉಳಿದವು ಸುಳ್ಳು ಅಂತ ನಾವೇ ಒಪ್ಕೊಂಡಂಗ. ಫೈಲ್ ಮುಚ್ತಾರ. ನೀವು ಬ್ಯಾಡ ಅಂದ್ರ, ಇಡೀ ಓಣಿ ಬ್ಯಾಡ ಅಂದಂಗ. ಫೈಲ್ ತೆರದೇ ಇರ್ತದ, ಮತ್ತ ಬಂದು ನೋಡ್ಬೇಕಾಗ್ತದ.”

“ನಂದು ಬಂದದಲ್ರಿ ಅಣ್ಣಾ. ಬಂದದ್ದು ಬಿಟ್ರ ಮತ್ತ ಬರ್ತದಂತ ಯಾರು ಹೇಳ್ತಾರ?”

“ನಾವು ಹೇಳ್ತೀವಿ! ಇಡೀ ಓಣಿ ಹೇಳ್ತದ. ನಿಮ್ಮ ಕೈಗಿ ಪತ್ರ ಬರೋತನಾ ನಾವ್ಯಾರೂ ಪತ್ರ ಮುಟ್ಟಲ್ಲ.”

ಮಾಯಾ ನನ್ನ ಕಡೆ ನೋಡಿದಳು. ನಾನು ಕಟ್ಟೆಯ ತುದಿಯಲ್ಲಿ ಕೂತಿದ್ದೆ.

“ನೀವೇನಂತೀರಿ ಕಾಕಾ?”

“ತಗೋ ಮಗಳ,” ಅಂದೆ. “ಸರ್ಕಾರದ ಕೈ ಒಮ್ಮಿ ಚಾಚಿದ್ದೇ ದೊಡ್ಡದು. ಅದು ಮಡಚ್ಕೊಳ್ಳೋದ್ರಾಗ ತಗೋ.”

ಅಳಿಯ ಕನ್ನಡಕ ತೆಗೆದು ನನ್ನ ಕಡೆ ತಿರುಗಿದ. “ಮಾವಾರ, ನಿಮಗ ಇದೆಲ್ಲ ತಿಳಿಯಲ್ಲ. ಹಳೀ ಕಾಲದವರು ನೀವು. ಮನೀಗಿ ನಡೀರಿ, ಊಟಕ್ಕ ಇಟ್ಟಾಳ ಶಿವಕಾಂತಾ.”

ಅಲ್ಲಿದ್ದವರೆಲ್ಲ ನಕ್ಕರು. ಅಳಿಯನ ಮನೆಯ ಊಟ ಉಣ್ಣುವವನ ಮಾತಿಗೆ ಇರುವ ತೂಕ ಅಷ್ಟೇ. ನಾನು ಏಳಲಿಲ್ಲ.

ನಮ್ಮ ಓಣಿಯಲ್ಲಿ ಲಿಂಗಾಯತರು ಇದ್ದಾರೆ, ಬೌದ್ಧರು ಇದ್ದಾರೆ, ಮುಸಲ್ಮಾನರು ಇದ್ದಾರೆ. ಒಬ್ಬರ ದೇವರ ಆಣೆ ಇನ್ನೊಬ್ಬರಿಗೆ ನಡೆಯುವುದಿಲ್ಲ. ಬಾಬಾಸಾಹೇಬರ ಫೋಟೊದ ಮುಂದೆ ಮಾತು ಕೊಡುವವರು ವಿಭೂತಿ ಮುಟ್ಟುವುದಿಲ್ಲ. ಅದಕ್ಕೇ ಗಣಿಯ ಕಾಲದಿಂದ ನಮ್ಮಲ್ಲಿ ಒಂದು ರೂಢಿ: ದೊಡ್ಡ ಮಾತು ಕೊಡುವಾಗ ಒಂದೇ ರೊಟ್ಟಿ ಮುರಿದು ಎಲ್ಲರೂ ತಿನ್ನುವುದು. ಗುಂಡಿಯ ಮೇಲೆ ಹಗ್ಗ ಹಿಡಿಯುವವನು, ಕೆಳಗೆ ಇಳಿಯುವವನು, ಇಬ್ಬರೂ ಹಾಗೆ ತಿಂದೇ ಕೆಲಸಕ್ಕೆ ಹೋಗುತ್ತಿದ್ದೆವು. ಹಗ್ಗ ಬಿಟ್ಟವನು ಒಬ್ಬನೂ ಇರಲಿಲ್ಲ.

ಅಂದೂ ರೊಟ್ಟಿ ತಂದರು. ಯಾರ ಮನೆಯಿಂದ? ಮಾಯಾಳ ಮನೆಯಿಂದಲೇ. ಅವಳ ಹಿಟ್ಟು, ಅವಳ ಒಲೆ. ಪ್ರವೀಣಕುಮಾರ ಮೊದಲು ಮುರಿದ. ಅಬ್ದುಲ ಅಜೀಜ ಮುರಿದ. ಎಲ್ಲರೂ ಚೂರು ಚೂರು ಬಾಯಿಗೆ ಹಾಕಿಕೊಂಡು, ಮಾಯಾಳಿಗೆ ಪತ್ರ ಬರುವವರೆಗೆ ನಾವು ಮುಟ್ಟುವುದಿಲ್ಲ ಅಂದರು. ಕಡೆಯ ಚೂರು ಮಾಯಾ ತಿಂದಳು.

ಮನೆಗೆ ಬರುವಾಗ ಅವಳು ನನ್ನ ಪಕ್ಕ ನಡೆದಳು. “ಕಾಕಾ, ಬೋರಿನ ಕೀಲಿ ಪ್ರವೀಣಣ್ಣನ ಕೈಯಾಗ ಅದ. ನಾ ಒಬ್ಬಾಕಿ ಪತ್ರ ತಗೊಂಡು ಕುಂತ್ರ ನಾಳಿಗಿ ಹಿಟ್ಟು ನಾದ್ಲಿಕ್ಕಿ ನೀರು ಎಲ್ಲಿಂದ ತರ್ಲಿ?”

“ಆಣಿ ಮ್ಯಾಲ ನಂಬಿಕಿ ಇಲ್ಲೇನು ನಿನಗ?”

“ಆಣಿ ಮ್ಯಾಲ ಅದ,” ಅಂದಳು. ಕಟ್ಟೆಯ ಮೇಲಿನ ಜನದ ಕಡೆ ಒಮ್ಮೆ ತಿರುಗಿ ನೋಡಿದಳು.

ಹಕ್ಕುಪತ್ರ ಹಂಚುವ ದಿನ ಮೈದಾನದಲ್ಲಿ ದೊಡ್ಡ ಪೆಂಡಾಲು. ಬಿಸಿಲು ಕಾಯ್ದು ತಲೆ ಸುಡುತ್ತಿತ್ತು. ಬೇರೆ ಬೇರೆ ಓಣಿಗಳಿಂದ ಜನ. ವೇದಿಕೆಯ ಮೇಲೆ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ನಮ್ಮ ಮನೆಗಳನ್ನು ನಮಗೇ ಕೊಡುತ್ತಿರುವುದಕ್ಕೆ ಅವರಿಗೆ ಅವರೇ ಹಾರ ಹಾಕಿಕೊಂಡರು. ಆಮೇಲೆ ಹೆಸರು ಕೂಗಿದರು. ಮಾಯಾ ಮೇಲೆ ಹೋದಳು, ಕೊಡಲು ಬಂದ ಪತ್ರದ ಮುಂದೆ ಕೈ ಮುಗಿದಳು.

“ನಮ್ಮ ಓಣ್ಯಾಗಿನ ಎಲ್ಲಾರ ಮನೀನೂ ನಮ್ಮ ಮನಿಯಷ್ಟೇ ಹಳೀವದಾವ್ರಿ. ಅವರಿಗೂ ಕೊಡ್ರಿ. ಅವರ ಸಂಗಾಟ ನಾನೂ ತಗೋತೀನಿ.”

ಮೈಕಿನಲ್ಲಿ ಎಲ್ಲರಿಗೂ ಕೇಳಿತು. ನಮ್ಮ ಓಣಿಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ವೇದಿಕೆಯ ಮೇಲಿನ ಸಾಹೇಬನೊಬ್ಬ ಬಾಗಿ, ಮುಂದೆ ಇದ್ದ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಮರುದಿನ ಪೇಪರಿನಲ್ಲಿ ಫೋಟೊ ಬಂತು. ಮಾಯಾಳ ಫೋಟೊ ಅಲ್ಲ. ಓಣಿಯ ಒಗ್ಗಟ್ಟಿನ ರೂವಾರಿ ಎಂದು ನನ್ನ ಅಳಿಯನ ಫೋಟೊ, ಕನ್ನಡಕದ ಸಮೇತ.

ಫೈಲು ನಿಜವಾಗಿಯೂ ಮತ್ತೆ ತೆರೆಯಿತು. ನಗರದ ಚುನಾವಣೆ ಹತ್ತಿರ ಬರುತ್ತಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಚುನಾವಣೆ ಬಂದರೆ ಸರ್ಕಾರದ ಕಣ್ಣಿನ ಪೊರೆ ಕಳಚುತ್ತದೆ. ಮಳೆಗಾಲದಲ್ಲಿ ಮತ್ತೆ ಬಂದು ಫೋಟೊ ಹೊಡೆಯುತ್ತಾರೆ ಎಂದು ತಿಳಿಯಿತು. ಓಣಿಗೆ ಈಗ ಬೇರೆ ಚಿಂತೆ. ಮನೆಗಳನ್ನು ಹಳೆಯದು ಮಾಡುವುದು ಹೇಗೆ?

ಮತ್ತೆ ಅಬ್ದುಲ ಅಜೀಜನನ್ನೇ ಕರೆದರು. ಅವನು ನನ್ನ ಮುಂದೆ ಬಂದು ತಲೆ ಕೆರೆದುಕೊಂಡ. “ಚಾಚಾ, ಇಡೀ ಜಿಂದಗಿ ಹಳೀ ಮನಿ ಹೊಸಾದು ಮಾಡಿ ರೊಟ್ಟಿ ತಿಂದೀನ್ರಿ. ಹೊಸಾದನ್ನ ಹಳೀದು ಮಾಡಂತಾರ. ಅದಕ್ಕ ಯಾವ ಕಂಪನಿ ಬಣ್ಣ ಬರ್ತದ್ರಿ?”

ಬಣ್ಣ ಮಾಯಾಳ ಮನೆಯಲ್ಲಿತ್ತು. ಜನ ಡಬ್ಬಿ, ತಂಬಿಗೆ, ಹರಿದ ಚೀಲ ಹಿಡಿದುಕೊಂಡು ಮಸಿ ಬೇಡಲು ಅವಳ ಬಾಗಿಲಿಗೆ ಬಂದರು. ಓಣಿಯ ಮಾನ ಹೋಗುತ್ತದೆ ಎಂದವರೂ ಬಂದರು. ಮಾಯಾ ರೊಟ್ಟಿ ಬೇಯಿಸುವ ಹಂಚಿನ ತಳ ಕೆರೆದು ಕೊಟ್ಟಳು, ಒಲೆಯ ಹಿಂದಿನ ಗೋಡೆ ಕೆರೆದು ಕೊಟ್ಟಳು.

“ಮೊದಲು ಬಂದವರಿಗಿ ದಪ್ಪನ್ದು, ಕಡೀಕಿ ಬಂದವರಿಗಿ ಬೂದಿ,” ಎಂದು ಜಿಜಾಬಾಯಿ ಕೂಗಿದಳು. “ತಗೋರಿ, ತಗೋರಿ, ಸೌಂದರ್ಯದ ಪುಡಿ!”

ಗುಲಾಬಿ ಮನೆಯವರು ಗೋಡೆಗೆ ಕೊಡಲಿ ಹಾಕಿ ಸಿಮೆಂಟು ಕಿತ್ತರು. ಲಿಂಬೆಹಳದಿ ಮನೆಯವರು ಸಗಣಿನೀರು ಚೆಲ್ಲಿದರು. ಅಳಿಯ ತನ್ನ ನೀಲಿ ಗೋಡೆಯನ್ನು ತಾನೇ ಕೆರೆಯುತ್ತಿದ್ದಾಗ ಶಿವಕಾಂತಾ ಬಾಗಿಲಲ್ಲಿ ಕೂತು ಅತ್ತಳು. ಅಷ್ಟು ಮಾಡಿದರೂ ಮನೆಗಳು ಹಳೆಯದಾಗಿ ಕಾಣಲಿಲ್ಲ, ಹುಚ್ಚು ಹಿಡಿದಂತೆ ಕಂಡವು. ಅವರನ್ನು ಉಳಿಸಿದ್ದು ಮಳೆ. ಎರಡು ದಿನ ಬಿಡದೆ ಹೊಡೆದು, ಮಸಿ ಸಗಣಿ ಬಣ್ಣ ಎಲ್ಲ ಕೂಡಿ ಗೋಡೆಯ ಮೇಲಿಂದ ಇಳಿದು, ನಿಜಾಮನ ಕಾಲದ ಮನೆಗಳಂತೆ ಮಾಡಿತು. ಅದೇ ಹುಡುಗ ಬಂದ. ಫೋಟೊ ಹೊಡೆದ. ಯಾವ ಮನೆಯ ಮುಂದೆಯೂ ಎರಡನೇ ಮಾತು ಆಡಲಿಲ್ಲ. ಮಾಯಾಳ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ.

“ನಮ್ಮದು ಹೊಡೀಲಿಲ್ರಿ?” ಎಂದಳು ಮಾಯಾ.

“ನಿಮ್ಮದು ಆಗ್ಯದಲ್ರೀ ಅಕ್ಕಾ,” ಅಂದು ಅವನು ಛತ್ರಿ ಬಿಚ್ಚಿ ಹೋದ. ಆಗಿದೆ ಎಂದರೆ ಬರುತ್ತದೆ ಎಂದು ಅವಳು ತಿಳಿದಳು. ನಾನೂ ಹಾಗೇ ತಿಳಿದೆ.

ದಸರಾ ಕಳೆದು ಮತ್ತೆ ಪೆಂಡಾಲು, ಮತ್ತೆ ಹಾರ. ಈ ಸಲ ಓಣಿಯ ಹೆಸರುಗಳನ್ನು ಒಂದರ ಹಿಂದೆ ಒಂದು ಕೂಗಿದರು. ಮೊದಲ ಹೆಸರು ಶಿವಕಾಂತಾಳದು. ಅವಳು ಏಳಲು ಅನುಮಾನಿಸಿದಳು. ಪ್ರವೀಣಕುಮಾರ ಮೊಣಕೈಯಿಂದ ತಿವಿದ.

“ಮೊದಲು ತಗೊಂಡು ಬಾ. ಆಮ್ಯಾಲ ಒಳಗಿನಿಂದ ಮಾತಾಡ್ತೀನಿ.”

ಅವಳು ಹೋದಳು. ಅವಳ ಹಿಂದೆ ಗಿಳಿಹಸಿರಿನವರು ಹೋದರು, ಗುಲಾಬಿಯವರು ಹೋದರು. ಅಬ್ದುಲ ಅಜೀಜ ತಲೆ ತಗ್ಗಿಸಿಕೊಂಡು ಹೋದ, ತಲೆ ತಗ್ಗಿಸಿಕೊಂಡೇ ಬಂದ, ಪತ್ರ ಮಾತ್ರ ಎದೆಗೆ ಒತ್ತಿಕೊಂಡಿದ್ದ. ಮಾಯಾ, ಜಿಜಾಬಾಯಿ ಕಡೆಯ ಹೆಸರಿನವರೆಗೆ ಕೂತರು. ಕಡೆಯ ಹೆಸರು ಅವರದಾಗಿರಲಿಲ್ಲ. ಪೆಂಡಾಲಿನವರು ಕುರ್ಚಿ ಮಡಚುತ್ತ ಬಂದು, ಏಳ್ರಿ ಅಂದ ಮೇಲೆ ಎದ್ದರು.

ಮರುದಿನ ನಾನು ಮಾಯಾಳ ಜೊತೆ ಕಚೇರಿಗೆ ಹೋದೆ. ಸಾಹೇಬ ಕಂಪ್ಯೂಟರು ನಮ್ಮ ಕಡೆ ತಿರುಗಿಸಿ ತೋರಿಸಿದ.

“ನೋಡಮ್ಮಾ, ಫಲಾನುಭವಿ ನಿರಾಕರಿಸಿದ್ದಾರೆ ಅಂತ ಅದ. ವೇದಿಕಿ ಮ್ಯಾಲ, ಎಲ್ಲಾರ ಎದುರಿಗಿ. ಒಮ್ಮಿ ಬ್ಯಾಡ ಅಂದವರಿಗಿ ಮತ್ತ ಕೊಡ್ಲಿಕ್ಕಿ ಈ ಯೋಜನಾದಾಗ ಬರಲ್ಲ.”

“ನಾ ಬ್ಯಾಡ ಅಂದಿಲ್ರಿ. ಎಲ್ಲಾರ ಸಂಗಾಟ ಕೊಡ್ರಿ ಅಂದಿದ್ದೆ.”

“ಎಲ್ಲಾರ ಸಂಗಾಟ ಅನ್ನೋ ಬಟನ್ ಇದರಾಗ ಇಲ್ಲಮ್ಮಾ. ಹೌದು ಅದ, ಇಲ್ಲ ಅದ.”

ಅವನು ಕೆಟ್ಟವನಲ್ಲ, ನಮಗೆ ನೀರು ತರಿಸಿ ಕೊಟ್ಟ. ಓಣಿಯವರೆಲ್ಲ ಸೇರಿ ಬಂದು, ನಾವೇ ಆಕೆಯನ್ನು ತಡೆದೆವು ಎಂದು ಬರೆದುಕೊಟ್ಟರೆ ಮೇಲೆ ಕೇಳಿ ನೋಡಬಹುದು ಅಂದ.

ಆ ಮಾತು ಹಿಡಿದುಕೊಂಡು ನಾನು ಮನೆಗೆ ಬಂದೆ. ಅಳಿಯ ಊಟಕ್ಕೆ ಕೂತಿದ್ದ. ಹಕ್ಕುಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಬಸವಣ್ಣನ ಫೋಟೊದ ಕೆಳಗೆ ಇಟ್ಟಿದ್ದರು. ಕಾಯಕ, ದಾಸೋಹ ಎಂದು ನಿತ್ಯ ಜಪಿಸುವ ಮನೆ ಅದು.

“ಅಳಿಯಾರ, ಓಣಿಯವರನ್ನ ಕರ್ಕೊಂಡು ಕಚೇರಿಗಿ ನಡೀರಿ. ನೀವು ತಡದ್ರಿ ಅಂತ ಹೇಳಿದ್ರ ಸಾಕಂತ.”

“ಮಾವಾರ, ನಾವು ಬ್ಯಾಡ ಅನ್ನಿಸಿದ್ವಿ ಅಂತ ಬರ್ದು ಕೊಟ್ರ ನಮ್ಮದೂ ತನಿಖಿ ಆಗ್ತದ. ಮಸಿ ಹಚ್ಚಿದ್ದೂ ಹೊರಗ ಬರ್ತದ. ಒಂದು ಮನಿ ಸಲುವಾಗಿ ಇಡೀ ಓಣಿ ಹಾಳು ಮಾಡ್ಲೇನು?”

“ಇಡೀ ಓಣಿ ಸಲುವಾಗಿ ಆಕಿ ಒಂದು ಮನಿ ಬಿಟ್ಟಾಳ. ರೊಟ್ಟಿ ಮುರ್ದು ತಿಂದೀರಿ ನೀವು.”

ಅವನು ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಸಮಾಧಾನದಿಂದ ಹೇಳಿದ: “ರೊಟ್ಟಿ ಹೊಟ್ಟ್ಯಾಗ ಎಷ್ಟು ದಿನ ಇರ್ತದ್ರೀ ಮಾವಾರ?”

ಮಗಳು ಒಳಗೆ ಹೋದಳು. ಇನ್ನೊಂದು ಮಾತು ಕೇಳಿದೆ ಅವಳನ್ನು. ಹಿತ್ತಲಲ್ಲಿ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆ ಖಾಲಿ ಇದೆ, ಅದನ್ನಾದರೂ ಅವರಿಗೆ ಬಿಟ್ಟುಕೊಡು ಎಂದೆ. “ಅಪ್ಪಾ, ಪತ್ರದಾಗ ಅದೂ ಬಂದದ,” ಅಂದಳು, ನನ್ನ ಮುಖ ನೋಡದೆ. “ಬ್ಯಾಂಕಿಗಿ ಇಡೋದದ.”

ಬಾಗಿಲು ಬಾಗಿಲಿಗೆ ಹೋಗಿ ಕೇಳಿದೆ. ಕಚೇರಿಗೆ ಬರುತ್ತೇನೆ ಅಂದವನು ಅಬ್ದುಲ ಅಜೀಜ ಒಬ್ಬ. “ಉಳಿದವರು ಯಾರ್‌ ಯಾರು ಬರ್ತಾರ ಚಾಚಾ?” ಎಂದು ಕೇಳಿದ. ಯಾರೂ ಇಲ್ಲ ಎಂದು ತಿಳಿದ ಮೇಲೆ ಅವನ ಕಾಲಿಗೂ ನೋವು ಬಂತು.

ಸಕ್ರಮವಾದ ಓಣಿಗೆ ಆಸೆಗಳು ಹುಟ್ಟಿದವು. ಕಾರು ಒಳಗೆ ಬರಬೇಕು, ರಸ್ತೆ ಅಗಲವಾಗಬೇಕು, ಅಗಲವಾದರೆ ಮನೆಗಳಿಗೆ ಬೆಲೆ. ಓಣಿಯ ಬಾಯಿ ಇಕ್ಕಟ್ಟು. ಬಾಯಲ್ಲಿ ಒಂದು ಕಡೆ ಗಣಿಯ ಗುಂಡಿ, ಇನ್ನೊಂದು ಕಡೆ ಮಾಯಾಳ ಮನೆ. ಪತ್ರವಿಲ್ಲದ ಮನೆ ಓಣಿಯಲ್ಲಿ ಅದೊಂದೇ. ರಸ್ತೆ ಬೇಕೆಂದು ಅರ್ಜಿ ಹೋಯಿತು. ಕಚೇರಿಯಲ್ಲಿ ಬರೆದು ಕೊಡಲು ಕೈಗಳೇ ಇಲ್ಲದಿದ್ದ ಜನ ಆ ಅರ್ಜಿಗೆ ಸರದಿ ನಿಂತು ಸಹಿ ಹಾಕಿದರು. ದೀಪಾವಳಿ ಮುಗಿದ ಮೇಲೆ, ಅಕ್ರಮ ಕಟ್ಟಡ ತೆರವು ಎಂದು ಕಚೇರಿಯವರು ಮಾಯಾಳ ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಇಡೀ ಓಣಿಯಲ್ಲಿ ಸರ್ಕಾರ ಹಳೆಯದೆಂದು ತಾನೇ ಒಪ್ಪಿದ್ದ ಮೊದಲ ಮನೆ ಅದು.

ಜಿಜಾಬಾಯಿ ಬೇವಿನ ಕಟ್ಟೆಗೆ ಹೋಗಿ ನಿಂತಳು. ಕೂತಿದ್ದ ಗಂಡಸರು ಅತ್ತಿತ್ತ ಸರಿದರು. ಅವಳು ಬೈಯುತ್ತಾಳೆ ಎಂದು ಎಲ್ಲರೂ ತಿಳಿದರು.

“ಪ್ರವೀಣಾ,” ಅಂದಳು, “ನಮ್ಮ ಮನಿ ಕೆಡವೋವಾಗ ಕಲ್ಲು ಹುಷಾರಿ. ನಿಮ್ಮ ಮಾವ, ನಮ್ಮ ಮನಿಯವರು ಕೂಡಿ ಕಡದದ್ದು. ರಸ್ತಾಕ್ಕ ಹಾಕ್ರಿ, ಗಟ್ಟಿ ಅದಾವ. ನಿಮ್ಮಂಗಿಲ್ಲ.”

ಒಬ್ಬ ಕೆಮ್ಮಿದ.

ಭಾಲ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ನನಗೆ ಗುರುತಿನವರ ಖಾನಾವಳಿ ಒಂದಿದೆ. ಹೋಗಿ ಕೇಳಿದೆ. ರೊಟ್ಟಿ ಬಡಿಯಲು ಹೆಣ್ಣಾಳು ಬೇಕು, ಹಿಂದಿನ ಕೋಣೆಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಮಲಗಬಹುದು ಅಂದರು. ಮುದುಕಿಗೆ ಜಾಗ ಇಲ್ಲ ಅಂದರು. ಜಿಜಾಬಾಯಿಯನ್ನು ಔರಾದ ಕಡೆಯ ಮೈದುನನ ಮಗ ಇಟ್ಟುಕೊಳ್ಳಲು ಒಪ್ಪಿದ, ಒಪ್ಪಿದ ಅಷ್ಟೇ. ಅತ್ತೆ ಸೊಸೆ ಒಂದು ದಿನ ಇಡೀ ಪಾತ್ರೆ ಪಾಲು ಮಾಡಿದರು. ಹಂಚು ಮಾಯಾಳಿಗೆ, ಪರಾತ ಜಿಜಾಬಾಯಿಗೆ ಎಂದು ಮಾಡಿ, ಆಮೇಲೆ ಎರಡನ್ನೂ ಮಾಯಾಳ ಚೀಲಕ್ಕೇ ಹಾಕಿದಳು ಜಿಜಾಬಾಯಿ. ಹಿಟ್ಟು ಇಲ್ಲದ ಮನೆಗೆ ನಾದುವ ಪರಾತ ಯಾಕೆ ಅಂದಳು.

ಬಸ್‌ಸ್ಟ್ಯಾಂಡಿಗೆ ನಾನೊಬ್ಬನೇ ಹೋದೆ. ಮಾಯಾ ಚೀಲ ಕೆಳಗಿಟ್ಟು ಅತ್ತೆಯ ಸೆರಗು ಸರಿಮಾಡಿದಳು.

“ನಿನಗ ಸಿಟ್ಟು ಬರಲ್ಲೇನು ಮಗಳ?” ಎಂದು ಕೇಳಿದೆ.

“ಯಾರ ಮ್ಯಾಲ ಕಾಕಾ? ಆಣಿ ಎಲ್ಲಾರೂ ಮಾಡಿದ್ವಿ. ನಡಸ್ದಾಕಿ ನಾ ಒಬ್ಬಾಕಿ. ತಪ್ಪಿದವರಿಗೆಲ್ಲ ಮನಿ ಸಿಕ್ಕದ. ಸಿಟ್ಟು ಮಾಡ್ಕೋಬೇಕಾದ್ರ ಸರ್ಕಾರದ ಲೆಕ್ಕದಾಗ ಅದಕ್ಕೂ ಬಟನ್ ಬೇಕಲ್ಲ.”

ಜಿಜಾಬಾಯಿ ನಕ್ಕಳು, ನಗುತ್ತಲೇ ಔರಾದದ ಬಸ್ಸು ಹತ್ತಿದಳು. ಕಿಟಕಿಯಿಂದ ಸೊಸೆಯ ತಲೆಯ ಮೇಲೆ ಕೈ ಇಟ್ಟಳು, ಬಸ್ಸು ಕದಲಿದಾಗ ಕೈ ತಾನಾಗಿ ಬಿಟ್ಟಿತು. ಅದು ಹೋದ ಮೇಲೆ ಭಾಲ್ಕಿಯ ಬಸ್ಸು ಬಂತು. ಮಾಯಾ ಹತ್ತಿದಳು.

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳು ಶುಕ್ರವಾರ ಹೊರಟು ನಿಂತರೆ ಓಣಿಯೇ ಬಾಗಿಲಿಗೆ ಬಂದು, ಇವತ್ತು ಬೇಡ, ನಾಳೆ ಹೋಗಿರಂತೆ ಎಂದು ಕೈ ಹಿಡಿದು ನಿಲ್ಲಿಸುತ್ತದೆ. ಅತ್ತೆ ಸೊಸೆ ಇಬ್ಬರೂ ಕಲ್ಲುಗಣಿ ಓಣಿ ಬಿಟ್ಟು ಹೋದದ್ದು ಶುಕ್ರವಾರ.